ಖುದ್ದೂಸ್ ಸಾಹೇಬರ ಕೈಗುಣ

"ಸ್ವಲ್ಪ ಜಾಗ ಬಿಡಿ, ಅಂಕಲ್ ಹೆಗಲು ಕೊಡ್ತಾರೆ," ಎಂದು ಮುಜಫ್ಫರ್ ಹೇಳಿದಾಗ ಗುಂಡಣ್ಣ ಬಲಗೈಯನ್ನು ಕೋಟಿನ ಒಳಗಿಂದ ತೆಗೆಯಲಾರದೆ ಎಡಗೈಯೊಂದನ್ನೇ ಮುಂದೆ ಚಾಚಿದರು. ಶವ ಹೊತ್ತ ಜನಾಜಾದ ಮರದ ಹಿಡಿ ಎಡಹೆಗಲ ಮೇಲೆ ಬಂದು ಕೂತಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಇನ್ಯಾರೋ ಬಂದು ಆ ಭಾರವನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು. ಆರ್.ಟಿ. ನಗರದ ರಸ್ತೆಯುದ್ದಕ್ಕೂ ಹೀಗೆ ಹೆಗಲಿಂದ ಹೆಗಲಿಗೆ ದಾಟುತ್ತ ಮುಜಫ್ಫರನ ತಂದೆ ಖುದ್ದೂಸ್ ಸಾಹೇಬರು ಹೋಗುತ್ತಿದ್ದರು.

ಗುಂಡಣ್ಣನವರ ಕೋಟಿನೊಳಗೆ ಒದ್ದೆ ಬಟ್ಟೆ ಸುತ್ತಿದ ಗೇಣುದ್ದದ ಕಡ್ಡಿಯೊಂದಿತ್ತು. ಹಳದಿ ಮುದ್ದೆ ದಾಸವಾಳದ ಕಡ್ಡಿ. ಭಾನುವಾರ ಖುದ್ದೂಸ್ ಅದನ್ನು ಬಾಯಿಬಿಟ್ಟು ಕೇಳಿದ್ದರು, ಗುಂಡಣ್ಣ ಕೊಟ್ಟಿರಲಿಲ್ಲ. ಬುಧವಾರ ಬೆಳಿಗ್ಗೆ ಖುದ್ದೂಸ್ ಚಹಾ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸುದ್ದಿ ಕೇಳಿದ ಗುಂಡಣ್ಣ ಮೊದಲು ಮಾಡಿದ ಕೆಲಸವೆಂದರೆ ಕತ್ತರಿ ಹಿಡಿದು ಅಂಗಳಕ್ಕಿಳಿದದ್ದು. ಕತ್ತರಿಸಿದ ಮೇಲೆ ಅದನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯಲಿಲ್ಲ. ಹೆಂಡತಿ ಪಂಕಜಾ ಒದ್ದೆ ಬಟ್ಟೆ ತಂದುಕೊಟ್ಟರು. ಮಣ್ಣಿಗೆ ಹೋಗುವಾಗ ಗಿಡದ ಕಡ್ಡಿ ಬಚ್ಚಿಟ್ಟುಕೊಂಡು ಬಂದ ಮುದುಕನನ್ನು ನೋಡಿದರೆ ಜನ ಏನೆಂದಾರು ಎಂಬ ನಾಚಿಕೆ ಒಂದು ಕಡೆ, ಕೊಡದೆ ಕಳಿಸಿಬಿಟ್ಟೆನಲ್ಲ ಎಂಬ ಸಂಕಟ ಇನ್ನೊಂದು ಕಡೆ.

"ಏನ್ರೀ, ಆಗ್ಲಿಂದ ಎದೆ ಹಿಡ್ಕೊಂಡೇ ಇದೀರಲ್ಲ?" ಪಕ್ಕದಲ್ಲಿ ನಡೆಯುತ್ತಿದ್ದ ಉಪೇಂದ್ರ ಗಾಬರಿಯಾಗಿ ಕೇಳಿದರು.

"ಏನಿಲ್ಲ. ಚಳಿ."

* * *

ಚಳಿಗಾಲ ಬಂತೆಂದರೆ ಗುಂಡಣ್ಣನವರ ಗೇಟಿನ ಪಕ್ಕದ ಮೋರಿಕಟ್ಟೆಯ ಮೇಲೆ ಮೂವರ ಬೈಠಕ್ಕು. ಏಳೂವರೆಗೆ ಸರಿಯಾಗಿ ಬಿಸಿಲು ಅಲ್ಲಿಗೆ ಬರುತ್ತಿತ್ತು. ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಗುಂಡಣ್ಣ, ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ಖುದ್ದೂಸ್, ಇನ್ನೂ ಎರಡು ವರ್ಷ ಸರ್ವೀಸು ಉಳಿದಿದ್ದ ಪೋಸ್ಟಾಫೀಸಿನ ಉಪೇಂದ್ರ. ಮೊದಲು ಉಪೇಂದ್ರರ ಮಂಡಿನೋವು, ಆಮೇಲೆ ಗುಂಡಣ್ಣನವರ ಬಿ.ಪಿ., ಆಮೇಲೆ ಖುದ್ದೂಸರ ಕೆಮ್ಮು, ಅದಕ್ಕೆ ಅವರ ಹೆಂಡತಿ ನೂರ್‌ಜಹಾನ್ ಬೇಗಂ ಮಾಡಿಕೊಡುವ ಶುಂಠಿ ಕಷಾಯ. ಕಾಯಿಲೆಗಳ ಪಟ್ಟಿ ಮುಗಿದರೆ ಯಾರ ಮನೆಯಲ್ಲಿ ಅವರೆಕಾಳು ಹುಳಿ, ಯಾರ ಮನೆ ಸೂರು ಸೋರುತ್ತದೆ ಎಂಬ ಸಮಾಚಾರ. ಕೊನೆಗೆ ಎಲ್ಲ ಬಂದು ನಿಲ್ಲುತ್ತಿದ್ದದ್ದು ಗಿಡಗಳ ಹತ್ತಿರ.

ಅಲ್ಲಿ ಗುಂಡಣ್ಣನವರದೇ ದರ್ಬಾರು. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆಗಿಂತ ಹೆಚ್ಚು ಜಾಗ ಗಿಡಕ್ಕೇ ಬಿಟ್ಟ ಮನುಷ್ಯ. ಖುದ್ದೂಸರ ಅಂಗಳದಲ್ಲಿ ಇದ್ದದ್ದು ನಾಲ್ಕು ಕುಂಡ, ಒಂದು ಡಬ್ಬದಲ್ಲಿ ಪುದೀನ. ಹಾಗಿದ್ದೂ ಹನ್ನೆರಡು ವರ್ಷಗಳಿಂದ ಅವರು ಗುಂಡಣ್ಣನವರ ಬಳಿ ಕಡ್ಡಿ ಒಯ್ಯುತ್ತಲೇ ಇದ್ದರು. ತಿಂಗಳು ಬಿಟ್ಟು ಕೇಳಿದರೆ ತಲೆ ತಗ್ಗಿಸಿ ನಗುತ್ತಿದ್ದರು. "ಹತ್ತಲಿಲ್ಲ ಗುಂಡಣ್ಣ. ಒಣಗೋಯ್ತು."

"ನಿಮ್ಮ ಕೈಗುಣಾನೇ ಸರಿಯಿಲ್ಲ ಸಾಹೇಬ್ರೇ," ಎಂದು ಗುಂಡಣ್ಣ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಖುದ್ದೂಸರ ಕಂದು ಮಫ್ಲರನ್ನೂ ಹಂಗಿಸದೆ ಬಿಡುತ್ತಿರಲಿಲ್ಲ. ಅದು ವರ್ಷ ವರ್ಷಕ್ಕೆ ಗಿಡ್ಡವಾಗುತ್ತ ಬಂದಿತ್ತು. ಕೇಳಿದರೆ ಇಲಿ ಕಡಿಯುತ್ತದೆ ಎನ್ನುತ್ತಿದ್ದರು ಖುದ್ದೂಸ್.

ಒಮ್ಮೆ ಹಿಂದಿನ ಬೀದಿಯಲ್ಲಿ ಸಾವಾಗಿ, ಯಾರೋ ಹೂ ಕೇಳಿಕೊಂಡು ಬಂದರು. ನನ್ನ ಗಿಡದ ಹೂ ದೇವರ ಪೂಜೆಗೆ, ಮಸಣಕ್ಕಲ್ಲ ಎಂದು ಗುಂಡಣ್ಣ ಅವರನ್ನು ಗೇಟಿನಿಂದಲೇ ಕಳಿಸಿದ್ದರು. ಖುದ್ದೂಸ್ ಆಗ ಕಟ್ಟೆಯ ಮೇಲೆ ಕೂತಿದ್ದರು. ಆ ಮಾತು ಕೇಳಿಸಿಕೊಂಡು ಬಿಸಿಲಿಗೆ ಅಂಗೈ ಒಡ್ಡಿಕೊಂಡಿದ್ದರು.

ಭಾನುವಾರ ಅವರು ಹಳದಿ ದಾಸವಾಳದ ಮುಂದೆ ಬಹಳ ಹೊತ್ತು ನಿಂತರು. ಗುಂಡಣ್ಣನವರಿಗೆ ಅದೇನು ತಲೆ ಕೆಟ್ಟಿತ್ತೋ, "ನಿಮ್ಮ ಕೈಗೆ ಕೊಟ್ರೆ ಸಾಯತ್ತೆ ಸಾಹೇಬ್ರೇ. ಇದೊಂದನ್ನ ಬಿಟ್ಬಿಡಿ," ಎಂದುಬಿಟ್ಟರು. ಖುದ್ದೂಸರ ಮುಖ ಬಾಡಲಿಲ್ಲ. ಮಫ್ಲರ್ ಸರಿಮಾಡಿಕೊಂಡು, ಆಗಲಿ, ಇನ್ನೊಂದು ದಿನ ಕೇಳುತ್ತೇನೆ ಎಂದು ಹೊರಟುಹೋದರು.

* * *

ಮಸೀದಿಯಲ್ಲಿ ನಮಾಜು ಮುಗಿಯುವವರೆಗೆ ಗುಂಡಣ್ಣ, ಉಪೇಂದ್ರ ಇಬ್ಬರೂ ಹೊರಗೆ ಚಪ್ಪಲಿಗಳ ಪಕ್ಕ ನಿಂತಿದ್ದು, ಆಮೇಲೆ ಎಲ್ಲರ ಹಿಂದೆ ನಡೆದರು. ಖಬರಸ್ತಾನದ ಗೇಟು ದಾಟಿದ್ದೇ ಗುಂಡಣ್ಣನವರ ಕಾಲು ನಿಂತುಬಿಟ್ಟಿತು.

ಎದುರು ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿತ್ತು. ಒಂದೇ ಕೊಂಬೆಯಲ್ಲಿ ಬಿಳಿ, ಗುಲಾಬಿ ಎರಡೂ ಬಣ್ಣ. ಅಂಥ ಬಳ್ಳಿ ಈ ಸುತ್ತಿನಲ್ಲಿ ಇದ್ದದ್ದು ಗುಂಡಣ್ಣನವರ ಮನೆಯಲ್ಲಿ ಮಾತ್ರ, ಯಲಹಂಕದ ಸ್ಟೇಷನ್ ಮಾಸ್ತರರ ಹತ್ತಿರ ಹಲ್ಲುಗಿಂಜಿ ತಂದದ್ದು. ಅದರ ಕಡ್ಡಿ ಒಯ್ದ ಖುದ್ದೂಸ್ ಹತ್ತಲಿಲ್ಲ ಎಂದಿದ್ದರು. ಅದರಾಚೆ ನಂದಿಬಟ್ಟಲು, ಆಳೆತ್ತರ. ಹತ್ತಲಿಲ್ಲ ಎಂದಿದ್ದರು. ಕಾಕಡ, ಕೆಂಪು ಕ್ರೋಟನ್, ಕಣಗಿಲೆ, ನೆಲದ ತುಂಬ ಬೆಳಗಿನ ಹೂ ಉದುರಿಸಿಕೊಂಡು ನಿಂತ ಪಾರಿಜಾತ. ಕಲ್ಲಿಲ್ಲದ, ಹೆಸರಿಲ್ಲದ ಮಣ್ಣಿನ ದಿಬ್ಬಗಳ ತಲೆದೆಸೆಯಲ್ಲೆಲ್ಲ ಒಂದೊಂದು ಗಿಡ. ಎಳೆಯ ಗಿಡಗಳಿಗೆ ಬಿದಿರಿನ ಗೂಟ, ಗೂಟಕ್ಕೂ ಗಿಡಕ್ಕೂ ಸೇರಿಸಿ ಕಟ್ಟಿದ ಕಂದು ಉಣ್ಣೆಯ ಎಳೆ.

"ಉಪೇಂದ್ರ, ಇವೆಲ್ಲ ನಮ್ಮನೆಯವು ಕಣ್ರೀ," ಎಂದರು ಗುಂಡಣ್ಣ. ತಮ್ಮ ಕಣ್ಣೆದುರಿನ ಮನುಷ್ಯ ಇಷ್ಟು ದೊಡ್ಡದೊಂದನ್ನು ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ಬಂದು ಬೈಸಿಕೊಂಡು ಹೋಗಿದ್ದ.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಮುಜಫ್ಫರ್ ಕೈ ಹಿಡಿದು ಕರೆದಾಗ ಗುಂಡಣ್ಣನವರೂ ಬಗ್ಗಿದರು. ಮಣ್ಣು ಹೆಂಟೆಹೆಂಟೆಯಾಗಿತ್ತು. ಅವರ ಬೆರಳು ಅಭ್ಯಾಸಬಲದಿಂದ ಹೆಂಟೆ ಪುಡಿಮಾಡಿತು, ಕಲ್ಲು ಆಯ್ದು ಪಕ್ಕಕ್ಕಿಟ್ಟಿತು. ಹಿಂದೆ ನಿಂತವರು ಅವಸರಪಡಿಸಲಿಲ್ಲ. ಹಿಟ್ಟಿನಂತಾದ ಮಣ್ಣನ್ನು ಮೂರು ಸಲ ಹಾಕಿ ಎದ್ದಾಗ ಅವರ ಕಣ್ಣು ತುಂಬಿತ್ತು.

ದುವಾ ಮುಗಿದು ಜನ ಚದುರತೊಡಗಿದ ಮೇಲೆ ಖಬರಸ್ತಾನ ನೋಡಿಕೊಳ್ಳುವ ವಹಾಬ್ ಹತ್ತಿರ ಬಂದ.

"ಗುಂಡಣ್ಣ ಅಂದ್ರೆ ನೀವೇನಾ ಸಾಬ್?"

ಹೌದೆಂದರು. ಖುದ್ದೂಸ್ ಪ್ರತಿ ಶುಕ್ರವಾರ ಬರುತ್ತಿದ್ದರೆಂದೂ, ಯಾರೂ ಬಂದು ನೋಡದ ಗೋರಿ ಯಾವುದೆಂದು ಕೇಳಿ ಅದಕ್ಕೇ ಗಿಡ ಇಡುತ್ತಿದ್ದರೆಂದೂ ವಹಾಬ್ ಹೇಳಿದ. "ಇದು ಗುಂಡಣ್ಣನ ಕಾಕಡ, ಅದು ಗುಂಡಣ್ಣನ ಕಣಗಿಲೆ, ನೀರು ಮರೀಬೇಡ ಅನ್ನೋರು. ಇಲ್ಲಿ ಎಲ್ಲಾ ಗಿಡಕ್ಕೂ ನಿಮ್ಮದೇ ಹೆಸರು ಸಾಬ್."

ಗುಂಡಣ್ಣ ಕೋಟಿನೊಳಗಿನ ಬಟ್ಟೆಯ ಗಂಟನ್ನು ಹೊರತೆಗೆದರು. ವಹಾಬ್ ಅದನ್ನು ನೋಡಿದ, ಅವರ ಮುಖ ನೋಡಿದ.

"ಹಳದಿ ದಾಸವಾಳಾನಾ?"

"ನಿಂಗೆ ಹೇಗ್ಗೊತ್ತು?"

"ಸೋಮವಾರ ಬಂದಿದ್ರು. ಕೆಮ್ತಾ ಕೆಮ್ತಾ ಗುಂಡಿ ತೋಡಿ ಗೊಬ್ಬರ ಹಾಕಿದ್ರು. ಗಿಡ ಎಲ್ಲಿ ಅಂದೆ. ಇನ್ನೂ ಕೊಟ್ಟಿಲ್ಲ, ಕೊಡ್ತಾರೆ ಅಂದ್ರು."

ಗೋಡೆಯ ಮೂಲೆಯಲ್ಲಿ ಮಗುವಿನದೆನ್ನುವಷ್ಟು ಚಿಕ್ಕ ದಿಬ್ಬವೊಂದಿತ್ತು. ಅದರ ತಲೆದೆಸೆಗೆ ಗೇಣಗಲದ ಗುಂಡಿ, ಪಕ್ಕದಲ್ಲಿ ಜರಡಿ ಹಿಡಿದ ಮಣ್ಣು, ಆಗಲೇ ನೆಟ್ಟಿದ್ದ ಗೂಟ. ಗುಂಡಣ್ಣ ಮೊಣಕಾಲೂರಿ ಕಡ್ಡಿಯನ್ನು ಕೊಂಚ ಓರೆಯಾಗಿ ಇಟ್ಟು, ಮಣ್ಣು ಎಳೆದು, ಎರಡು ಹೆಬ್ಬೆರಳಿಂದ ಒತ್ತಿದರು. ವಹಾಬ್ ನೀರು ಹುಯ್ದ.

ಗೂಟಕ್ಕೆ ಮಫ್ಲರಿನ ಕಂದು ಎಳೆಯನ್ನು ಸುತ್ತಿ, ಖುದ್ದೂಸ್ ಒಂದು ತುದಿಯನ್ನು ಕಟ್ಟದೆ ಬಿಟ್ಟಿದ್ದರು. ಅದು ಬಿಸಿಲಲ್ಲಿ ಸಣ್ಣಗೆ ಅಲ್ಲಾಡುತ್ತಿತ್ತು. ಗುಂಡಣ್ಣ ಅದನ್ನು ಹಿಡಿದು, ಕಡ್ಡಿಗೆ ಎರಡು ಸುತ್ತು ಸುತ್ತಿ, ಬಿಗಿಯಾಗದ ಹಾಗೆ ಗಂಟು ಹಾಕಿದರು.