ಪಾದರಸದ ನಡುಕ

ನನ್ನ ಗಂಡ ಈನಾಕ್ ಲಂಡನ್ನಿನಲ್ಲಿ ಕನ್ನಡಿ ಮಾಡುತ್ತಿದ್ದ. ತವರದ ಹಾಳೆಯ ಮೇಲೆ ಪಾದರಸ ಸುರಿದು, ಅದರ ಮೇಲೆ ಗಾಜನ್ನು ಜಾರಿಸಿ ಕೂರಿಸುವ ಕೆಲಸ. ಒಂದು ಚಳಿಗಾಲದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಅವನಿಗೆ ಕಷ್ಟವಾಗತೊಡಗಿತು.

“ಕೈ ಯಾಕೆ ನಡುಗ್ತಿದೆ?”

“ಚಳಿ ಕಣೇ ಡಾರ್ಕಸ್. ನಿಂಗೆ ಆಗ್ತಿಲ್ವಾ?”

ಒಲೆ ಧಗಧಗ ಉರಿಯುತ್ತಿತ್ತು. ಅದೇ ಕೆಲಸದಲ್ಲಿದ್ದ ಅವನ ಗೆಳೆಯ ಜೇಬೆಜ್‌ಗೂ ಪಾದರಸದ ವಿಷ ಏರಿ ಹೀಗೇ ಶುರುವಾಗಿತ್ತು. ಕೊನೆಕೊನೆಗೆ ಅವನಿಗೆ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಸ್ವಂತ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ.

ಅದೇ ವಾರ ನಮ್ಮ ಸಿರಿವಂತ ಗಿರಾಕಿ ಹಾರ್ಕಂಬ್ ಅಮ್ಮನವರ ಮನೆಯಲ್ಲಿ ಎರಡು ಗೋಡೆಗನ್ನಡಿ ತೂಗುಹಾಕಬೇಕಿತ್ತು. ಚಿನ್ನದ ರೇಕು ಹಚ್ಚಿದ ಚೌಕಟ್ಟು, ಬುಡದಲ್ಲಿ ಮೇಣದಬತ್ತಿ ನಿಲ್ಲಿಸಲು ಬಳ್ಳಿಯಂತೆ ಬಾಗಿದ ಎರಡೆರಡು ಕೈಗಳು. ಜೊತೆಗೆ ನಾನೇ ಹೋದೆ. ಅವನೊಬ್ಬನನ್ನೇ ಕಳಿಸಲು ಧೈರ್ಯವಾಗಲಿಲ್ಲ.

ಮೊದಲನೆಯದು ಸರಿಯಾಗಿ ಕೂತಿತು. ಎರಡನೆಯದನ್ನು ಎತ್ತಿಕೊಂಡು ಅವನು ಏಣಿ ಹತ್ತಿದಾಗ, ತುಂಬು ಗರ್ಭಿಣಿ ಅಮ್ಮನವರು ಅಂದ ನೋಡಲು ಕೆಳಗೇ ಬಂದು ನಿಂತರು. ಚೌಕಟ್ಟಿನ ಕೊಂಡಿ ಗೋಡೆಯ ಮೊಳೆಗೆ ಸಿಕ್ಕುತ್ತಿಲ್ಲ. ಅವನ ಮಣಿಕಟ್ಟು ಕುಣಿಯುತ್ತಿದೆ. ಮೇಣದಬತ್ತಿಯ ಕೈಗಳು ಗೋಡೆಗೆ ಕಟಕಟ ಬಡಿಯುತ್ತಿವೆ. ಕನ್ನಡಿ ಜಾರಿತು.

ನಾನು ಹೇಗೆ ಏಣಿ ಹತ್ತಿದೆನೋ ದೇವರಿಗೇ ಗೊತ್ತು. ಭಾರವೆಲ್ಲ ನನ್ನ ಹೆಗಲ ಮೇಲೆ ಬಿತ್ತು. ಹೇಗೋ ಕೊಂಡಿ ಸಿಕ್ಕಿಸಿದೆ.

ಅಮ್ಮನವರು ಬಿಳಿಚಿಕೊಂಡಿದ್ದರು. “ಏನಯ್ಯಾ, ಹಗಲು ಹೊತ್ತಲ್ಲೇ ಕುಡ್ಕೊಂಡು ಬಂದಿದೀಯಾ?”

ಈನಾಕ್ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ತಲೆ ತಗ್ಗಿಸಿ, “ಹೌದಮ್ಮಾವ್ರೇ, ಸ್ವಲ್ಪ ಜಾಸ್ತಿ ಆಯ್ತು. ತಪ್ಪಾಯ್ತು,” ಅಂದ.

ಬೀದಿಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಯಾಕೆ ಹಂಗಂದೆ? ನಾಚ್ಕೆ ಆಗ್ಲಿಲ್ವಾ?”

“ಕುಡುಕನಿಗೆ ನಾಳೆ ಇಳಿಯತ್ತೆ ಅಂತ ಮತ್ತೆ ಕೆಲ್ಸ ಕೊಡ್ತಾರೆ. ನಡುಗೋನ್ನ ಯಾರು ಕರೀತಾರೆ, ಹೇಳು?” ಅವನ ದನಿಯೂ ನಡುಗುತ್ತಿತ್ತು. “ಡಾರ್ಕಸ್, ನಂಗೆ ಭಯ ಆಗ್ತಿದೆ ಕಣೇ. ಜೇಬೆಜ್ ಥರ ಆಗ್ಬಿಟ್ರೆ?”

ಅಲ್ಲೇ ಅವನ ಎರಡೂ ಕೈಗಳನ್ನು ಹಿಡಿದುಕೊಂಡೆ. ಬಿಗಿಯಾಗಿ ಹಿಡಿದರೂ ನಡುಕ ನಿಲ್ಲಲಿಲ್ಲ.

ಅಂದೇ ಅವನಿಂದ ಪಾದರಸದ ಕೆಲಸ ಬಿಡಿಸಿದೆ. ಹೊಟ್ಟೆಪಾಡಿಗೆಂದು ಚೌಕಟ್ಟಿಗೆ ಚಿನ್ನದ ರೇಕು ಹಚ್ಚುವುದನ್ನು ಅವನು ಬಾಯಲ್ಲಿ ಹೇಳಿಕೊಟ್ಟ, ನಾನು ಕಲಿತೆ. ನಡುಕ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಈಗಲೂ ಬೆಳಗ್ಗೆ ಎದ್ದ ಕೂಡಲೇ ನಮ್ಮ ಮಕ್ಕಳನ್ನು ಅವನಿಗೆ ತೋರಿಸಿ ಹೆಸರು ಕೇಳುತ್ತೇನೆ. ಅವನು ನಗುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಹೇಳಿ ಮುಗಿಸುವವರೆಗೆ ನನಗೆ ಉಸಿರು ಬರುವುದಿಲ್ಲ.