ಬಾವಿ ಅಳೆಯುವ ಹೊತ್ತು

ಕಡಲಿನ ಉಬ್ಬರಕ್ಕೆ ಕರಾವಳಿಯ ಬಾವಿಗಳ ನೀರೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಎಷ್ಟು ಏರುತ್ತದೆ, ಎಷ್ಟು ತಡವಾಗಿ ಏರುತ್ತದೆ ಎಂದು ಮೊದಲೇ ಹೇಳುವ ಗಣಿತದ ಮಾದರಿ ಕಟ್ಟುವುದು ರೂಬಿಯ ಕೆಲಸ. ಒಂದು ಬಾವಿ ಮಾತ್ರ ಹಟ ಹಿಡಿದಿತ್ತು. ಉಬ್ಬರವಿರಲಿ, ಇಳಿತವಿರಲಿ, ಬೆಳಿಗ್ಗೆ ಆರಕ್ಕೆ ಅದರ ನೀರು ಕುಸಿಯುತ್ತಿತ್ತು. ತಿಂಗಳಿಡೀ ಸಮೀಕರಣಗಳನ್ನು ಜಾಲಾಡಿದರೂ ತಪ್ಪು ಸಿಗದೆ, ಅವಳು ಬೇಸತ್ತು ಶಿಡ್ಲಘಟ್ಟದ ತಾಯಿಮನೆಗೆ ಬಂದಳು.

ಹಿತ್ತಲಿನ ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ತಾಯಿ ಶಹಜಾದಿ ಅದರ ಮೇಲೆ ಮೆಣಸಿನಕಾಯಿ ಹರವುತ್ತಿದ್ದರು. ರೂಬಿಯೂ ಕೈಜೋಡಿಸಿದಳು. ಹಿಂದೆ ಮನೆಯಲ್ಲೇ ಇದ್ದ, ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ಗೂಡು ಬೇಯಿಸಲು ಇದೇ ಬಾವಿಯ ನೀರು. ತೀರಿಕೊಂಡ ತಂದೆ ದಿನಾ ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರಿನ ಆಳ ನೋಡುತ್ತಿದ್ದರು. ನೆನೆದ ಗಂಟುಗಳನ್ನು ಮುಟ್ಟಿ ಮುಟ್ಟಿ ಎಣಿಸುವುದು ಪುಟ್ಟ ರೂಬಿಯ ಪಾಲು.

"ಅಬ್ಬಾಜಾನ್ ಅಜಾನ್‌ಗೂ ಮುಂಚೆ ಯಾಕಮ್ಮಿ ನನ್ನ ಎಬ್ಬಿಸ್ತಿದ್ರು?"

"ಒಲೆ ಹಚ್ಚಿದ ಮೇಲೆ ಅಳೆದ್ರೆ ಏನಮ್ಮ ಗೊತ್ತಾಗುತ್ತೆ? ಅಷ್ಟೊತ್ತಿಗೆ ನಾವು ಹೆಂಗಸ್ರು ನಲವತ್ತು ಕೊಡ ಸೇದಿರ್ತಿದ್ವಿ."

ರೂಬಿಯ ಕೈ ನಿಂತಿತು. ಕಡಲು, ಚಂದ್ರ, ಮರಳು ಎಲ್ಲವನ್ನೂ ಮಾದರಿಯೊಳಗೆ ತಂದಿದ್ದಳು. ಬೆಳಿಗ್ಗೆ ಆರಕ್ಕೆ ಕೊಡ ಹಿಡಿದು ಬರುವವರನ್ನು ಬಿಟ್ಟಿದ್ದಳು. ಅದೂ ಫಿಲೇಚರ್ ಮನೆಯ ಮಗಳು! ನಗುತ್ತಾ ಅಮ್ಮಿಯ ಹೆಗಲಿಗೆ ಒರಗಿದಳು.

ಏನೆಂದು ತಿಳಿಯದಿದ್ದರೂ ಅಮ್ಮಿ ಕೂಡ ನಕ್ಕರು. ಆಮೇಲೆ ಚಪ್ಪಡಿಯನ್ನೊಮ್ಮೆ ಸವರಿದರು.

"ಈಗ ಯಾವ ಹೊತ್ತಲ್ಲಿ ಅಳೆದ್ರೂ ಒಂದೇ ಬಿಡಮ್ಮ. ಸೇದೋರೇ ಇಲ್ಲ."