ಹನ್ನೊಂದು ಜನರ ಮೂವತ್ತನೇ ತಾರೀಖು

ಹೊರದೇಶದ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಆ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವ ಹೆಂಗಸೊಬ್ಬಳಿದ್ದಳು. ಪರ್ಷಿಯನ್ ಕ್ಯಾಲೆಂಡರಿನ ತಾರೀಖನ್ನು ನಮ್ಮ ತಾರೀಖಿಗೆ ತಿರುಗಿಸುವ ಪ್ರೋಗ್ರಾಂ ಅವಳ ಕೈಯದು. ಹಾಗಾಗಿ ಇಡೀ ಕಚೇರಿಗೆ ಅವಳು ತಾರೀಖಕ್ಕ.

ಅದಕ್ಕೆ ಅವಳು ಸುರಿಸಿದ ಬೆವರು ಕಡಿಮೆಯದಲ್ಲ. ಪರ್ಷಿಯನ್ ಅಕ್ಷರ ಬಲದಿಂದ ಎಡಕ್ಕೆ ಓಡುತ್ತದೆ, ನಡುವೆ ಬಂದ ಅಂಕಿ ಎಡದಿಂದ ಬಲಕ್ಕೆ. ಎರಡೂ ಒಂದೇ ಸಾಲಿನಲ್ಲಿ ಸೇರಿದರೆ ಪರದೆಯ ಮೇಲೆ ದಿನವಿರಬೇಕಾದ ಕಡೆ ವರ್ಷ ಬಂದು ಕೂತಿರುತ್ತದೆ. ಅದನ್ನು ಹದಕ್ಕೆ ತರಲು ನಾಲ್ಕು ತಿಂಗಳು ಹಿಡಿಯಿತು. ದಿನಗಳ ಲೆಕ್ಕ ಮಾತ್ರ ಸಲೀಸು ಅನ್ನಿಸಿತ್ತು. ಮೊದಲ ಆರು ತಿಂಗಳಿಗೆ ಮೂವತ್ತೊಂದು, ಆಮೇಲಿನ ಐದಕ್ಕೆ ಮೂವತ್ತು, ಕೊನೆಯದಕ್ಕೆ ಇಪ್ಪತ್ತೊಂಬತ್ತು. ಅಧಿಕ ವರ್ಷವಾದರೆ ಅದಕ್ಕೂ ಮೂವತ್ತು. ಅಧಿಕ ವರ್ಷಗಳ ಅಚ್ಚಾದ ಪಟ್ಟಿಯೊಂದು ಅವಳ ಬಳಿ ಇತ್ತು. ಅದು ಅವರ ೧೩೪೨ನೇ ವರ್ಷದಿಂದ, ಅಂದರೆ ನಮ್ಮ ೧೯೬೩ರಿಂದ, ಶುರುವಾಗುತ್ತಿತ್ತು. ಅದರ ಹಿಂದಿನದನ್ನು ನಾಲ್ಕು ನಾಲ್ಕು ಕಳೆಯುತ್ತ ಅವಳೇ ತುಂಬಿಕೊಂಡಿದ್ದಳು: ೧೩೩೮, ೧೩೩೪, ಹೀಗೆ.

ಮೂರು ವರ್ಷದಲ್ಲಿ ಹನ್ನೊಂದು ಜನರ ಜನನ ಪತ್ರವನ್ನು ಪ್ರೋಗ್ರಾಂ 'ಇಂಥ ದಿನವಿಲ್ಲ' ಎಂದು ತಳ್ಳಿಹಾಕಿತ್ತು. ಎಂಟು ಪತ್ರಗಳಲ್ಲಿ ಇದ್ದದ್ದು ೧೩೩೭ರ ಕೊನೆಯ ತಿಂಗಳ ಮೂವತ್ತು. ಉಳಿದ ಮೂರರಲ್ಲಿ ೧೩೩೩ರ ಅದೇ ದಿನ. ಯಾವನೋ ಒಬ್ಬ ಖದೀಮ ಒಂದೇ ಅಚ್ಚಿನಲ್ಲಿ ನಕಲಿ ಪತ್ರ ಒತ್ತುತ್ತಿದ್ದಾನೆ ಎಂದು ತಾರೀಖಕ್ಕ ವರದಿ ಕೊಟ್ಟಿದ್ದಳು. ಎಲ್ಲರೂ ಭೇಷ್ ಅಂದಿದ್ದರು.

ಹನ್ನೊಂದನೆಯವರು ಗಡಿಯಾರ ರಿಪೇರಿ ಮಾಡುವ ಹಿರಿಯರು. ಹೆಂಡತಿಗೆ ಇಲ್ಲಿ ನೆಲೆಸಲು ಅನುಮತಿ ಸಿಕ್ಕಿತ್ತು, ಇವರಿಗೆ ಇಲ್ಲ. ಮೇಲ್ಮನವಿಯ ಗಡುವು ಆ ದಿನ ಸಂಜೆ ನಾಲ್ಕಕ್ಕೆ. ಅದೂ ಬಿದ್ದುಹೋದರೆ ಅವರು ಹೋಗಬೇಕು, ಹೆಂಡತಿ ಉಳಿಯಬೇಕು. ಮಧ್ಯಾಹ್ನ ಇಬ್ಬರೂ ತಾರೀಖಕ್ಕನ ಮೇಜಿನೆದುರು ಬಂದು ಕೂತರು.

"ನಾನು ಹುಟ್ಟೇ ಇಲ್ಲ ಅಂತ ಬರೆದಿದ್ದೀರಂತಲ್ಲ ತಾಯಿ," ಅಂದರು ಗಡಿಯಾರದವರು. "ಅರವತ್ತಾರು ವರ್ಷ ತಿಂದಿದ್ದೆಲ್ಲ ಯಾರ ಹೊಟ್ಟೆಗೆ ಹೋಯ್ತು ಹಾಗಾದ್ರೆ?"

"ಸುಮ್ನಿರ್ರೀ, ಎಲ್ಲಾ ಕಡೆ ನಿಮ್ಮ ತಮಾಷೆ," ಎಂದು ಹೆಂಡತಿ ಮೊಣಕೈಯಿಂದ ತಿವಿದರು.

"ಯಜಮಾನ್ರೇ, ಆ ವರ್ಷ ಕೊನೇ ತಿಂಗಳಿಗೆ ಇಪ್ಪತ್ತೊಂಬತ್ತೇ ದಿನ," ಅಂದಳು ತಾರೀಖಕ್ಕ. "ಮೂವತ್ತು ಬರೋದು ನಾಲ್ಕು ವರ್ಷಕ್ಕೊಂದ್ಸಲ."

"ನಮ್ಮಪ್ಪನೂ ಹಾಗೇ ಅಂದಿದ್ದ. ನಾಲ್ಕು ವರ್ಷ ತುಂಬ್ತು ಅಂತ ಅವತ್ತು ಹೊಸ ಅಂಗಿ ಹಾಕ್ಕೊಂಡು ಕೂತೆ. ಮೂವತ್ತು ಬರಲೇ ಇಲ್ಲ! ಇಪ್ಪತ್ತೊಂಬತ್ತು ಮುಗೀತು, ಸೀದಾ ಹೊಸ ವರ್ಷ. ಊರೇ ಒಂದಾಗೋ ಹಾಗೆ ಅತ್ತೆ. ಅದು ಬಂದಿದ್ದು ಐದನೇ ವರ್ಷಕ್ಕೆ. ಅಷ್ಟರಲ್ಲಿ ಅಂಗಿ ಗಿಡ್ಡ ಆಗಿತ್ತು."

"ಮದುವೆಯಾದಾಗಿಂದ ಈ ಅಂಗಿ ಕತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ," ಅಂದರು ಹೆಂಡತಿ.

ತಾರೀಖಕ್ಕನ ಪೆನ್ನು ನಿಂತಿತು. ಸುಳ್ಳು ಹೇಳುವವರು ತಾರೀಖು ಕಟ್ಟುತ್ತಾರೆ. ಗಿಡ್ಡವಾದ ಅಂಗಿಯನ್ನು ಕಟ್ಟುವವರು ಕಡಿಮೆ. ೧೩೩೭ಕ್ಕೆ ಐದು ಕೂಡಿಸಿದಳು. ೧೩೪೨. ಅವಳ ಅಚ್ಚಾದ ಪಟ್ಟಿಯ ಮೊದಲ ವರ್ಷ.

"ಇಲ್ಲೇ ಕೂತಿರಿ," ಎಂದವಳು ಕೆಳಗಿನ ಗ್ರಂಥಾಲಯಕ್ಕೆ ಇಳಿದಳು. ಅಟ್ಟದಷ್ಟು ಎತ್ತರದ ಕಪಾಟಿನ ಮೇಲೆ ಸೂರ್ಯನ ಗತಿಯ ಹಳೆಯ ಕೋಷ್ಟಕ ಸಿಕ್ಕಿತು. ಆ ಕ್ಯಾಲೆಂಡರಿಗೆ ಸೂರ್ಯನೇ ಯಜಮಾನ. ಅವನ ಓಟದ ಚೂರುಪಾರು ಹೊತ್ತು ಸೇರಿ ಸೇರಿ, ಕೆಲವೊಮ್ಮೆ ಅಧಿಕ ವರ್ಷ ನಾಲ್ಕರ ಬದಲು ಐದಕ್ಕೆ ಬೀಳುತ್ತದೆ. ೧೩೩೭ರ ಎದುರಿಗೆ ಮೂವತ್ತು ಎಂದು ಸ್ಪಷ್ಟವಾಗಿತ್ತು. ೧೩೩೩ಕ್ಕೂ.

ಅವಳು ಹೇಳಿದ್ದನ್ನು ಮೇಲಧಿಕಾರಿ ಕನ್ನಡಕ ತೆಗೆದು ಕೇಳಿಸಿಕೊಂಡರು.

"ಇವರದ್ದೊಂದು ಸರಿ ಮಾಡಿ ಕೊಡಿ. ತಾಂತ್ರಿಕ ಕಾರಣ ಅಂತ ಹಾಕಿ. ಉಳಿದ ಹತ್ತು ಮುಚ್ಚಿಹೋದ ಫೈಲು, ಕೆದಕೋದ್ಯಾಕೆ? ಮುಂದಿನ ತಿಂಗಳು ನಿಮ್ಮ ಪ್ರೋಗ್ರಾಂ ಎಲ್ಲಾ ಕಚೇರಿಗೂ ಹೋಗೋದಿದೆ."

"ಹತ್ತಕ್ಕೇ ಮುಗಿಯಲ್ಲ ಸರ್. ೧೩೩೭ರಲ್ಲಿ ಒಂದು ದಿನ ಬಿಟ್ಟಿದ್ದರಿಂದ ೧೩೩೮ರಲ್ಲಿ ಹುಟ್ಟಿದವರ ತಾರೀಖೆಲ್ಲ ಒಂದೊಂದು ದಿನ ಹಿಂದಕ್ಕೆ ಹೋಗಿದೆ. ೧೩೩೪ರಂಥ ಹಳೇ ವರ್ಷ ಬಿಟ್ಟರೂ ಅವರೇ ನಾನೂರು ಚಿಲ್ಲರೆ."

"ಅವರ್ಯಾರೂ ದೂರು ಕೊಟ್ಟಿಲ್ಲವಲ್ಲ?"

"ಒಂದು ದಿನ ಜಾಸ್ತಿ ವಯಸ್ಸಾಯ್ತು ಅಂತ ಯಾರು ಸರ್ ದೂರು ಕೊಡ್ತಾರೆ?"

ಅವರು ಕನ್ನಡಕ ಹಾಕಿಕೊಂಡು ತಮ್ಮ ಫೈಲಿಗೆ ತಿರುಗಿದರು. ತಾರೀಖಕ್ಕ ತನ್ನ ಜಾಗಕ್ಕೆ ಬಂದು ಹನ್ನೊಂದು ಹಾಳೆ ತೆಗೆದಳು. 'ಪತ್ರ ಅಸಲಿ. ತಪ್ಪು ನಾನು ತುಂಬಿದ ಪಟ್ಟಿಯದು' ಎಂದು ಹನ್ನೊಂದು ಸಲ ಬರೆದು ಹನ್ನೊಂದು ಸಹಿ ಹಾಕಿದಳು. ಬೇರೆ ಕಚೇರಿಗಳಿಗೆ ಹೋಗಬೇಕಿದ್ದ ಪ್ರೋಗ್ರಾಮನ್ನು ಕಚೇರಿ ಆ ಸಂಜೆಯೇ ತಡೆಹಿಡಿಯಿತು.

ಗಡಿಯಾರದವರ ಹಾಳೆಗೆ ಮೊಹರು ಬಿದ್ದಾಗ ಮೂರೂ ನಲವತ್ತು. ಅವರು ಅದನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟರು.

"ನನ್ನ ಮುಂದಿನ ಹುಟ್ಟಿದ ದಿನ ಯಾವಾಗ ಅಂತ ಹೇಳುತ್ತಾ ನಿಮ್ಮ ಯಂತ್ರ?"

ಅವಳು ಒತ್ತಿ ನೋಡಿದಳು. "ಹೋದದ್ದು ೧೪೦೩ರಲ್ಲಿ. ಮುಂದಿನದು ೧೪೦೮."

"ನೋಡಿದ್ಯಾ, ಮತ್ತೆ ಐದು!"

"ಈ ಸಲ ಅಂಗಿ ದೊಡ್ಡದೇ ಹೊಲಿಸೋಣ, ಏಳಿ," ಅಂದರು ಹೆಂಡತಿ.

ಉಳಿದ ಹತ್ತು ಪತ್ರಗಳು ಮರುದಿನ ಅಂಚೆಗೆ ಹೋದವು. ಏಳು ಜನ ಉತ್ತರ ಬರೆದರು. ಮೂರು ಲಕೋಟೆಗಳು 'ಈ ವಿಳಾಸದಲ್ಲಿ ಇಲ್ಲ' ಎಂಬ ಮೊಹರಿನೊಂದಿಗೆ ವಾಪಸು ಬಂದವು. ತಾರೀಖಕ್ಕ ಅವನ್ನು ಒಡೆಯದೆ ಮೇಜಿನ ಮೇಲೆ, ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಂಡಳು. ಆಮೇಲೆ ೧೩೩೮ರವರ ಪಟ್ಟಿ ತೆರೆದು ಮೊದಲ ಹೆಸರಿನಿಂದ ಶುರು ಮಾಡಿದಳು.